ಏಳನೇ ಬ್ಯಾಚಿನ ಸೀರಮ್

ರಾಜ್ಯದ ನಾಲ್ಕು ನೂರ ಹನ್ನೆರಡು ರಕ್ತಪರೀಕ್ಷಾ ಕೇಂದ್ರಗಳಲ್ಲಿ ನಾಲ್ಕು ನೂರ ಹನ್ನೊಂದು ಒಂದೇ ಮಾತು ಹೇಳುತ್ತಿದ್ದವು. ಗುಳೇದಗುಡ್ಡದ್ದು ಮಾತ್ರ ಬೇರೆ ಹೇಳುತ್ತಿತ್ತು.

ಧಾರವಾಡದ ರಕ್ತಮಾನ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ನಕಾಶೆಯೊಂದಿತ್ತು. ತಿಂಗಳ ಮೊದಲ ಸೋಮವಾರ ಸಂಸ್ಥೆ ಎಲ್ಲ ಕೇಂದ್ರಗಳಿಗೂ ಒಂದೇ ಸೀರಮನ್ನು ಪುಟ್ಟ ಸೀಸೆಗಳಲ್ಲಿ ಕಳಿಸುತ್ತಿತ್ತು. ಅವರು ಅಳೆದು ಉತ್ತರ ಕಳಿಸಿದಂತೆಲ್ಲ ನಕಾಶೆಯ ಮೇಲೆ ಹಸಿರು ಚುಕ್ಕೆಗಳು ಮೂಡುತ್ತಿದ್ದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲವೂ ಹಸಿರಾಗಿ, ಬಾಗಲಕೋಟೆ ಜಿಲ್ಲೆಯಲ್ಲೊಂದು ಚುಕ್ಕೆ ಕೆಂಪಗೆ ಉಳಿಯುತ್ತಿತ್ತು. ಹದಿನಾಲ್ಕು ತಿಂಗಳಿಂದ ಹೀಗೇ ನಡೆದಿತ್ತು. ಸಂಸ್ಥೆಯ ಮುಖ್ಯಸ್ಥೆ ಡಾ. ಮೇಘನಾ ಮುದಕವಿ ಅದನ್ನು ದಿನಾ ಕಣ್ಣಿಗೆ ಬಿದ್ದ ಧೂಳಿನಂತೆ ಸಹಿಸಿಕೊಂಡಿದ್ದಳು.

ಆ ಕೇಂದ್ರಗಳು ಅಳೆಯುವ ಅಂಕಿಯ ಮೇಲೆ ಬಹಳ ಜೀವಗಳು ನಿಂತಿದ್ದವು. ಆರು ವರ್ಷದ ಹಿಂದೆ ಸರಕಾರ ಲೋಹಧಾರೆ ಯೋಜನೆಯನ್ನು ಶುರುಮಾಡಿದಾಗ ರಾಜ್ಯದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯಿಂದ ಬಿಳುಚಿಕೊಂಡಿದ್ದರು. ಕಬ್ಬಿಣದ ಗುಳಿಗೆ ಕೊಟ್ಟರೆ ಹೊಟ್ಟೆ ತೊಳೆಸುತ್ತದೆಂದು ಯಾರೂ ನುಂಗುತ್ತಿರಲಿಲ್ಲ. ಆಗ ಬಂದದ್ದು ತೋಳಿನ ಚರ್ಮದ ಕೆಳಗೆ ಕೂರುವ, ನೆನೆದ ಕಡಲೆಕಾಳಿನಷ್ಟು ದೊಡ್ಡ ಒಂದು ಪಂಪು. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತೆ ಸೂಜಿಯಿಂದ ಅದಕ್ಕೆ ಔಷಧ ತುಂಬುತ್ತಾಳೆ. ಅದು ಹಗಲಿರುಳೂ ಚೂರುಚೂರೇ ಕಬ್ಬಿಣವನ್ನು ನೇರ ರಕ್ತಕ್ಕೆ ಬಿಡುತ್ತದೆ. ಜನ ಅದನ್ನು ಕಡ್ಲಿ ಎಂದರು. ಮದುವೆಯ ಮಾತುಕತೆಯಲ್ಲಿ ಹುಡುಗಿಗೆ ಕಡ್ಲಿ ಹಾಕಿಸಿದ್ದೀರಾ ಎಂದು ಕೇಳುವ ಕಾಲ ಬಂತು. ಮೊದಲೆರಡು ವರ್ಷ ಹೆರಿಗೆಯಲ್ಲಿ ಸಾಯುವವರ ಸಂಖ್ಯೆ ಅರ್ಧಕ್ಕಿಳಿಯಿತು. ಒಂದು ಕೋಟಿ ಹತ್ತು ಲಕ್ಷ ತೋಳುಗಳಲ್ಲಿ ಕಡ್ಲಿ ಕೂತಿತು.

ಯಾರಿಗೆ ಎಷ್ಟು ಬಿಡಬೇಕೆಂಬುದನ್ನು ಒಂದು ಪರೀಕ್ಷೆ ಹೇಳುತ್ತಿತ್ತು. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನೊಂದಿದೆ. ಬಸ್ಸಿನ ಹಾಗೆ ಅದಕ್ಕೂ ಸೀಟುಗಳಿವೆ. ದೇಹ ಕಬ್ಬಿಣಕ್ಕೆ ಹಸಿದಷ್ಟೂ ಬಸ್ಸುಗಳನ್ನು ಹೆಚ್ಚು ಹೆಚ್ಚು ಬೀದಿಗಿಳಿಸುತ್ತದೆ. ಒಟ್ಟು ಸೀಟೆಷ್ಟೆಂದು ಎಣಿಸಿದರೆ ಹಸಿವು ಗೊತ್ತಾಗುತ್ತದೆ. ಎಣಿಸುವ ವಿಧಾನವೂ ಸರಳ. ಸೀರಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮಿಗುವ ಹೊಂಬಣ್ಣದ ತಿಳಿಗೆ, ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಸುರಿಯುವುದು. ಸೀಟೆಲ್ಲ ತುಂಬುತ್ತವೆ. ಸೀಟು ಸಿಗದೆ ಹೊರಗುಳಿದ ಕಬ್ಬಿಣವನ್ನು ಮೆಗ್ನೀಸಿಯಂ ಕಾರ್ಬೊನೇಟೆಂಬ ಬಿಳಿ ಪುಡಿ ಹಾಕಿ ಹೀರಿ ತೆಗೆಯುವುದು. ಆಮೇಲೆ ತಿಳಿಯಲ್ಲಿ ಎಷ್ಟು ಕಬ್ಬಿಣವಿದೆಯೋ ಅಷ್ಟು ಸೀಟು. ಅಂಕಿ ಮುನ್ನೂರೈವತ್ತು ದಾಟಿದರೆ ಕಡ್ಲಿ ಹೆಚ್ಚು ಬಿಡುತ್ತದೆ, ಇನ್ನೂರ ತೊಂಬತ್ತಕ್ಕಿಂತ ಇಳಿದರೆ ತಾನೇ ನಿಲ್ಲುತ್ತದೆ.

ಮೇಘನಾ ಈ ಕೆಲಸಕ್ಕೆ ಬಂದಾಗ ಒಬ್ಬಳೇ ಹೆಂಗಸಿನ ರಕ್ತ ಹುಬ್ಬಳ್ಳಿಯಲ್ಲಿ ಇನ್ನೂರ ತೊಂಬತ್ತಾದರೆ ವಿಜಯಪುರದಲ್ಲಿ ನಾನ್ನೂರ ಹತ್ತಾಗುತ್ತಿತ್ತು. ಪುಡಿ ಬೇರೆ, ನೀರು ಬೇರೆ, ಕೈ ಬೇರೆ. ಆಕೆ ಹತ್ತು ವರ್ಷ ಊರೂರು ತಿರುಗಿ, ಜಗಳವಾಡಿ, ಎಲ್ಲರಿಗೂ ಒಂದೇ ಯಂತ್ರ, ಮುಚ್ಚಿದ ಡಬ್ಬಿಯಲ್ಲಿ ಒಂದೇ ಪುಡಿ, ತಾಳೆ ನೋಡಲು ಸಂಸ್ಥೆಯ ಒಂದೇ ಮಾದರಿ ಸೀರಮ್ ಎಂಬ ವ್ಯವಸ್ಥೆ ತಂದಳು. ಈಗ ಬಳಕೆಯಲ್ಲಿದ್ದದ್ದು ಏಳನೇ ಬ್ಯಾಚಿನ ಸೀರಮ್. ನಾಲ್ಕು ವರ್ಷದ ಹಿಂದೆ ಅದರ ಸೀಟಿನ ಅಂಕಿ ಮುನ್ನೂರ ಐವತ್ತೇಳೆಂದು ನಿಗದಿಮಾಡಿ ಸಹಿ ಹಾಕಿದವಳು ಆಕೆಯೇ. ಅವಳ ಸಹಿಯಿಲ್ಲದೆ ಆ ಅಂಕಿಯನ್ನು ಯಾರೂ ಬದಲಿಸುವಂತಿರಲಿಲ್ಲ.

ಸಪ್ತಾಪುರದ ಮನೆಯಲ್ಲಿ ಅವಳ ಜೊತೆಗಿದ್ದದ್ದು ತಂಗಿ ಪಲ್ಲವಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಶಿಕ್ಷಕಿ. ಇಬ್ಬರೂ ಮದುವೆಯಾಗಿರಲಿಲ್ಲ. ಅಡಿಗೆ ಪಲ್ಲವಿಯದು, ಬಟ್ಟೆಬರೆ ಮೇಘನಾಳದು. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಖೊಖೊ ತಂಡದ ನಾಯಕಿಯಾಗಿದ್ದ ಪಲ್ಲವಿ ನಲವತ್ತೆಂಟಕ್ಕೇ ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮಾಘದ ಒಂದು ಬೆಳಗ್ಗೆ ಅವಳು ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ತನ್ನ ಬಲಗೈಯ ಎರಡು ಬೆರಳ ಗೆಣ್ಣುಗಳನ್ನು ಒತ್ತಿಕೊಳ್ಳುತ್ತ ಹೇಳಿದಳು.

“ಅಕ್ಕಾ, ಇನ್ನ ರೊಟ್ಟಿ ನನ್ನ ಕೈಲಿ ಆಗೂದಿಲ್ಲ. ಈ ಎರಡು ಗೆಣ್ಣ ಮಡಚಾಕ ಬರವಲ್ದು.”

ಮೇಘನಾ ಫೋನಿನಲ್ಲಿ ತಂಗಿಯ ಆ ತಿಂಗಳ ಅಂಕಿ ತೆಗೆದು ನೋಡಿದಳು. ಮುನ್ನೂರ ಹದಿನೆಂಟು. ಕಬ್ಬಿಣ ಇನ್ನೂ ತುಂಬಿಲ್ಲ, ದಣಿವು ಅದರಿಂದಲೇ, ಗೆಣ್ಣುನೋವು ವಯಸ್ಸಿನದು ಎಂದಳು. ಬಿಸಿಲಿನಲ್ಲಿ ಮೈ ಕಪ್ಪಿಡುತ್ತಿದೆ, ಮೈದಾನಕ್ಕೆ ಹೋಗುವಾಗ ಟೋಪಿ ಹಾಕಿಕೋ ಎಂದೂ ಹೇಳಿದಳು. ಪಲ್ಲವಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಆರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ಯಾರೋ ದೇಹದ ಕಬ್ಬಿಣದ ದಾಸ್ತಾನು ನೋಡುವ ಇನ್ನೊಂದು ಪರೀಕ್ಷೆ ಮಾಡಿಸಿ ಅದು ವಿಪರೀತ ಏರಿದೆ ಎಂದಿದ್ದರು. ಆದರೆ ಜ್ವರ, ಬಾವು ಏನಿದ್ದರೂ ಆ ಅಂಕಿ ಏರುತ್ತದೆಂಬುದು ಎಲ್ಲ ವೈದ್ಯರಿಗೂ ಗೊತ್ತು. ಅದನ್ನು ನಂಬಬಾರದೆಂದೇ ಯೋಜನೆ ಸೀಟಿನ ಎಣಿಕೆಯನ್ನು ಆರಿಸಿಕೊಂಡಿತ್ತು. ಸೀಟಿನ ಎಣಿಕೆ ಸರಿಯಾಗಿದ್ದ ಮೇಲೆ ಚಿಂತೆಯಿಲ್ಲವೆಂದು ಮೇಘನಾಳೇ ತಂಗಿಗೆ ಸಮಾಧಾನ ಹೇಳಿದ್ದಳು.

ಆ ವಾರವೇ ಗುಳೇದಗುಡ್ಡದ ತಂತ್ರಜ್ಞ ದಾವಲಸಾಬ ನದಾಫ ಬರೆದ ನಾಲ್ಕನೆಯ ಪತ್ರ ಬಂತು. ಮೊದಲ ಮೂರಕ್ಕೆ ಅವಳ ಕಚೇರಿ ಒಂದೇ ಉತ್ತರ ಕೊಟ್ಟಿತ್ತು: ನಿಗದಿತ ವಿಧಾನವನ್ನು ಪಾಲಿಸತಕ್ಕದ್ದು. ಅವನ ಕೇಂದ್ರದ ಯಂತ್ರ ಕೆಟ್ಟು ಹದಿನಾಲ್ಕು ತಿಂಗಳಾಗಿತ್ತು, ಬದಲಿ ಬಂದಿರಲಿಲ್ಲ. ಆತ ಹಳೆಯ ಗಾಜಿನ ನಳಿಗೆ ತೆಗೆದು, ಹಳೆಯ ಪುಡಿಯಲ್ಲಿ, ಕೈಯಿಂದಲೇ ಪರೀಕ್ಷೆ ಮಾಡುತ್ತಿದ್ದ. ಅವನ ಅಂಕಿ ಪ್ರತಿ ಸಲ ಉಳಿದವರಿಗಿಂತ ನಲವತ್ತೈದು ಕಡಿಮೆ ಬರುತ್ತಿತ್ತು. ಸಂಸ್ಥೆಯ ಗಣಕ ತಾನಾಗಿ ಅದಕ್ಕೆ ನಲವತ್ತೈದು ಸೇರಿಸಿ ಕಡ್ಲಿಗಳಿಗೆ ಕಳಿಸುತ್ತಿತ್ತು. ನಾಲ್ಕನೆಯ ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ. ಒಂದು ದಿನ ಬಂದು ಕಣ್ಣಾರೆ ನೋಡಬೇಕು, ನೋಡಿದ ಮೇಲೆ ತನ್ನನ್ನು ಕೆಲಸದಿಂದ ತೆಗೆದರೂ ಬೇಸರವಿಲ್ಲ ಎಂದಷ್ಟೇ ಬರೆದಿದ್ದ.

ಮೇಘನಾ ಹೋದದ್ದು ಬುದ್ಧಿ ಹೇಳುವುದಕ್ಕೆ. ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು, ಹನ್ನೊಂದರ ಹೊತ್ತಿಗೆ ಗುಳೇದಗುಡ್ಡ ಮುಟ್ಟಿದಳು. ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಪ್ರಯೋಗಾಲಯ. ದಾವಲಸಾಬನಿಗೆ ಐವತ್ತೆಂಟು ದಾಟಿತ್ತು. ಸಣ್ಣ ಮೈಕಟ್ಟಿನ, ಮಿತಮಾತಿನ ಮನುಷ್ಯ. ಆಕೆ ವಿಧಾನದ ಬಗ್ಗೆ ಅರ್ಧ ಗಂಟೆ ಹೇಳಿದ್ದನ್ನೆಲ್ಲ ಕೈಕಟ್ಟಿ ನಿಂತು ಕೇಳಿದ. ಮುಗಿದ ಮೇಲೆ, ಹತ್ತು ನಿಮಿಷ ಕೂರಬೇಕೆಂದು ಬೇಡಿಕೊಂಡ.

ಸಂಸ್ಥೆಯಿಂದ ಯಂತ್ರಕ್ಕೆಂದು ಬಂದಿದ್ದ ಮುಚ್ಚಿದ ಡಬ್ಬಿಗಳಲ್ಲಿ ಒಂದನ್ನು ಆಕೆಯ ಕೈಗೇ ಕೊಟ್ಟು ಬ್ಯಾಚಿನ ಸಂಖ್ಯೆ ಓದಿಸಿದ. ಆಮೇಲೆ ಬ್ಲೇಡಿನಿಂದ ಅದನ್ನು ಸೀಳಿ ಬಿಳಿ ಪುಡಿಯನ್ನು ಕಾಗದದ ಮೇಲೆ ಸುರಿದ. ಪಕ್ಕದಲ್ಲೇ ತನ್ನ ಹಳೆಯ ಬಾಟಲಿಯ ಪುಡಿ. ಎರಡು ನಳಿಗೆಗಳಲ್ಲಿ ಶುದ್ಧ ನೀರು ತೆಗೆದುಕೊಂಡ. ರಕ್ತವಿಲ್ಲ, ಸೀರಮಿಲ್ಲ, ಬರೀ ನೀರು. ಎರಡಕ್ಕೂ ಸಮನಾಗಿ ಕಬ್ಬಿಣದ ದ್ರಾವಣ ಹಾಕಿದ. ಒಂದಕ್ಕೆ ಹಳೆಯ ಪುಡಿ, ಇನ್ನೊಂದಕ್ಕೆ ಡಬ್ಬಿಯ ಪುಡಿ ಸೇರಿಸಿ ಚೆನ್ನಾಗಿ ಕಲಕಿ, ತಿರುಗುಯಂತ್ರದಲ್ಲಿಟ್ಟು ಪುಡಿಯನ್ನು ತಳಕ್ಕೆ ಕೂರಿಸಿದ. ಮೇಲಿನ ತಿಳಿಯನ್ನು ಬೇರೆ ನಳಿಗೆಗಳಿಗೆ ಹಾಕಿ, ಕಬ್ಬಿಣ ಸಿಕ್ಕರೆ ನೇರಳೆಯಾಗುವ ಬಣ್ಣದ ಮದ್ದನ್ನು ಹನಿಸಿದ.

ಮೇಘನಾಳಿಗೆ ಅವನು ಏನು ಮಾಡುತ್ತಿದ್ದಾನೆಂದು ಅಷ್ಟರಲ್ಲೇ ಅರ್ಥವಾಗಿತ್ತು. ನೀರಿನಲ್ಲಿ ಪ್ರೋಟೀನಿಲ್ಲ, ಸೀಟಿಲ್ಲ. ಪುಡಿ ಕಬ್ಬಿಣವನ್ನೆಲ್ಲ ಹೀರಿದ್ದರೆ ಎರಡು ನಳಿಗೆಗಳೂ ತಿಳಿಯಾಗಿ ಉಳಿಯಬೇಕು. ಹಳೆಯ ಪುಡಿಯದು ಉಳಿಯಿತು. ಅವಳ ಪುಡಿಯ ನಳಿಗೆ ಅವಳು ನೋಡುತ್ತಿದ್ದಂತೆ ನಸುನೇರಳೆಗೆ ತಿರುಗಿತು.

ಅವಳು ಇನ್ನೊಮ್ಮೆ ಮಾಡಿಸಿದಳು. ಮೂರನೆಯ ಸಲ ತಾನೇ ಕೋಟು ಹಾಕಿಕೊಂಡು ಮಾಡಿದಳು. ಬೇರೆ ಡಬ್ಬಿ ತೆಗೆದುಕೊಂಡಳು. ನೇರಳೆ ಹಾಗೇ ಬಂತು. ಅಳೆದು ನೋಡಿದಾಗ ಮಿಕ್ಕ ಕಬ್ಬಿಣ ನಲವತ್ತೈದಕ್ಕೆ ಸರಿಯಾಗಿತ್ತು. ಪುಡಿ ಹೀರದೆ ಬಿಟ್ಟ ಕಬ್ಬಿಣವನ್ನು ರಾಜ್ಯದ ಯಂತ್ರಗಳೆಲ್ಲ ಪ್ರತಿ ಹೆಂಗಸಿನ ರಕ್ತದಲ್ಲೂ ಸೀಟೆಂದು ಎಣಿಸುತ್ತಿದ್ದವು. ಇಲ್ಲದ ಹಸಿವನ್ನು ತೋರಿಸುತ್ತಿದ್ದವು.

ಇದನ್ನು ಪತ್ರದಲ್ಲೇ ಯಾಕೆ ಬರೆಯಲಿಲ್ಲ ಎಂದು ಅವಳು ಕೇಳಿದಳು.

“ಎರಡನೇ ಪತ್ರದಾಗ ಬರದಿದ್ನಿರಿ ಬಾಯಾರ,” ಎಂದ ದಾವಲಸಾಬ. “ನಿಮ್ಮ ತನಕಾ ಬಂದಿರಲಿಕ್ಕಿಲ್ಲ.” ಕಾಗದದ ಮೇಲಿನ ಪುಡಿಯನ್ನು ಒತ್ತಟ್ಟಿಗೆ ಸರಿಸುತ್ತ ಮುಂದುವರಿಸಿದ. “ಇಲ್ಲಿ ಹೆಣ್ಮಕ್ಕಳು ಮಗ್ಗದ ಮನ್ಯಾಗ ರವಿಕಿ ಖಣ ನೇಯೋರ್ರಿ. ಬಿಸಲ ಕಾಣದ ಮಂದಿ. ನಾಕು ವರ್ಷದಾಗ ಅವರ ಮಾರಿ ಕಂಚಿನ ಬಣ್ಣ ಆಗ್ಯಾವ. ಎರಡ ಬೆರಳ ಮಡಚಾಕ ಬರವಲ್ಲವು, ಲಾಳಿ ಹಿಡ್ಯಾಕ ಆಗವಲ್ದು ಅಂತ ಬರ್ತಾರ. ಅದನ್ನ ನೋಡೇ ನಾ ನೀರಿನ ಪರೀಕ್ಷಾ ಮಾಡಿದ್ದು.”

ಯಾವ ಎರಡು ಬೆರಳು ಎಂದು ಮೇಘನಾಳಿಗೆ ಕೇಳಬೇಕೆನ್ನಿಸಿತು, ಕೇಳಲಿಲ್ಲ. ದಾವಲಸಾಬ ನೀರು ತಂದುಕೊಟ್ಟ. ಊಟ ಮಾಡಿ ಹೋಗಿ ಎಂದು ಕರೆದ. ಅವಳು ಆ ಎರಡು ನಳಿಗೆಗಳಿಗೆ ಮುಚ್ಚಳ ಹಾಕಿಸಿಕೊಂಡು ಕಾರು ಹತ್ತಿದಳು.

ದಾರಿಯುದ್ದಕ್ಕೂ ಅವಳು ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ನೆನೆದಳು. ಆರನೇ ಬ್ಯಾಚು ಮುಗಿಯುತ್ತ ಬಂದಿತ್ತು. ಏಳನೆಯದರ ಅಂಕಿ ನಿಗದಿಮಾಡುವ ಮುಂಚೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆಯುವುದು ನಿಯಮ. ಅಳೆದಾಗ, ಮುನ್ನೂರ ಹನ್ನೆರಡು ತೋರಿಸಬೇಕಿದ್ದ ಆರನೇ ಬ್ಯಾಚು ಮುನ್ನೂರ ಐವತ್ತೇಳು ತೋರಿಸಿತು. ಅದಕ್ಕೆ ಎರಡೇ ಕಾರಣ ಇರಬಹುದಿತ್ತು. ಹೊಸದಾಗಿ ಬಂದ ಪುಡಿ ಕೆಟ್ಟಿರಬೇಕು, ಇಲ್ಲವೇ ಹಳೆಯ ಸೀರಮ್ ನೀರಾರಿ ಗಟ್ಟಿಯಾಗಿರಬೇಕು. ಕೆಲವು ಸೀಸೆಗಳ ರಬ್ಬರ್ ಮುಚ್ಚಳಗಳು ಸೀಳಿದ್ದವು. ಪುಡಿ ಆಗಲೇ ಲಕ್ಷಾಂತರ ಡಬ್ಬಿಗಳಲ್ಲಿ ತುಂಬಿ ಊರೂರಿಗೆ ಹೊರಟಿತ್ತು. ಯೋಜನೆಯ ಎರಡನೆಯ ಹಂತ ಶುರುವಾಗಲು ಒಂಬತ್ತು ದಿನವಿತ್ತು. ಅವಳು ಕಡತದಲ್ಲಿ ಒಂದು ಸಾಲು ಬರೆದಳು: ಆರನೇ ಬ್ಯಾಚಿನ ಸೀಸೆಗಳು ದಾಸ್ತಾನಿನಲ್ಲಿ ಒಣಗಿವೆ, ವಿಲೇವಾರಿ ಮಾಡುವುದು. ಏಳನೆಯದನ್ನು ಹೊಸ ಪುಡಿಯಲ್ಲೇ ಅಳೆದಾಗ ಅದೂ ಮುನ್ನೂರ ಐವತ್ತೇಳೇ ಬಂತು. ಅದನ್ನೇ ನಿಗದಿತ ಅಂಕಿಯೆಂದು ಬರೆದಳು. ಆರನೇ ಬ್ಯಾಚಿನ ಸೀಸೆಗಳನ್ನು ತೂಗಿ ನೋಡಿದ್ದರೆ ನೀರು ಆರಿಲ್ಲವೆಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವಳು ತೂಗಿರಲಿಲ್ಲ. ಆಮೇಲೆ ಎಲ್ಲ ಕೇಂದ್ರಗಳೂ ಅದೇ ಪುಡಿಯಲ್ಲಿ ಅದೇ ಸೀರಮನ್ನು ಅಳೆದು ಅದೇ ಅಂಕಿ ಕಳಿಸಿದವು. ಒಬ್ಬರಿಗೊಬ್ಬರು ತಾಳೆಯಾದದ್ದನ್ನೇ ಅವಳು ಸತ್ಯವೆಂದುಕೊಂಡಳು.

ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿದ್ದ ಯೋಜನೆಯ ಆಯುಕ್ತ ನಂಜರಾಜ ಬೆಳವಾಡಿಯವರೊಡನೆ ಪರದೆಯ ಮೇಲೆ ಮಾತಾಡಿದಳು. ಎರಡು ನಳಿಗೆಗಳನ್ನೂ ತೋರಿಸಿದಳು. ಆಯುಕ್ತರು ದುಷ್ಟರಲ್ಲ. ಅವರ ತಾಯಿ ಬಾಣಂತಿತನದಲ್ಲಿ ರಕ್ತವಿಲ್ಲದೆ ಸತ್ತದ್ದು, ಆ ಕಾರಣಕ್ಕೇ ಅವರು ಈ ಹುದ್ದೆಯನ್ನು ಕೇಳಿ ಪಡೆದದ್ದು ಎಲ್ಲರಿಗೂ ಗೊತ್ತಿತ್ತು. ಅವರು ಕೇಳಿ ಮುಗಿಸಿ, ಎಷ್ಟು ಜನಕ್ಕೆ ಹಾನಿಯಾಗಿರಬಹುದು ಎಂದು ವಿಚಾರಿಸಿದರು. ಮೇಘನಾ ಗೊತ್ತಿಲ್ಲವೆಂದಳು. ಹೊಟ್ಟೆಯ ದಾರಿಯಲ್ಲಿ ಬರುವ ಕಬ್ಬಿಣ ಸಾಕಾದಾಗ ದೇಹವೇ ಬಾಗಿಲು ಹಾಕುತ್ತದೆ, ನೇರ ರಕ್ತಕ್ಕೆ ಬಿಟ್ಟದ್ದಕ್ಕೆ ಬಾಗಿಲಿಲ್ಲ. ಒಳಗೆ ಬಂದದ್ದು ರಕ್ತ ಹರಿದರೆ ಮಾತ್ರ ಹೊರಗೆ ಹೋಗುತ್ತದೆ. ಹಾಗಾಗಿ ಮುಟ್ಟು ನಿಂತ ಹೆಂಗಸರಿಗೆ ಹೆಚ್ಚು ಪೆಟ್ಟು. ಪಿತ್ತಜನಕಾಂಗ, ಮೇದೋಜೀರಕ, ಕೊನೆಗೆ ಹೃದಯ. ಇಷ್ಟನ್ನು ಹೇಳಿದಳು.

“ಎಂಟನೇ ಬ್ಯಾಚ್ ಬರೋದು ಆರು ತಿಂಗಳಿಗೆ ತಾನೇ, ಡಾಕ್ಟರೇ?” ಎಂದರು ಆಯುಕ್ತರು. “ಅದರಲ್ಲಿ ಸರಿ ಮಾಡೋಣ. ಹಂತ ಹಂತವಾಗಿ ಇಳಿಸೋಣ. ಇವತ್ತು ತಪ್ಪಾಗಿದೆ ಅಂತ ಹೇಳಿದ್ರೆ ನಾಳೆಯಿಂದ ಯಾವ ಹೆಂಗಸೂ ಕಬ್ಬಿಣ ಮುಟ್ಟಲ್ಲ. ಗುಳಿಗೆಯನ್ನೂ ಮುಟ್ಟಲ್ಲ. ಬಸುರಿಯರು ಸಾಯ್ತಾರೆ. ಆ ಲೆಕ್ಕ ಯಾರು ಕೊಡ್ತಾರೆ?”

ಅವರು ಹೇಳಿದ್ದು ನಡೆಯಬಹುದೆಂದು ಮೇಘನಾಳಿಗೂ ಅನ್ನಿಸಿತು. ಒಂದು ದಿನದ ಸಮಯ ಕೇಳಿ ಮನೆಗೆ ಬಂದಳು.

ಪಲ್ಲವಿ ಶಾಲೆಗೆ ಹೋಗಿರಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯಲು ಹೋಗಿ ಅದೂ ಆಗದೆ, ಬುಟ್ಟಿಯನ್ನು ಮಗ್ಗುಲಿಗಿಟ್ಟುಕೊಂಡಿದ್ದಳು. ಮೇಘನಾ ಎದುರಿಗೆ ಕೂತು ಅವಳ ಬಲಗೈ ತೆಗೆದುಕೊಂಡಳು. ಊದಿದ್ದು ತೋರುಬೆರಳು ಮತ್ತು ನಡುಬೆರಳ ಬುಡದ ಗೆಣ್ಣುಗಳು. ವೈದ್ಯಪುಸ್ತಕದಲ್ಲಿ ಮೈಯಲ್ಲಿ ಕಬ್ಬಿಣ ತುಂಬಿದ್ದಕ್ಕೆ ಹೇಳಿದ ಗುರುತು ಅದೇ. ರವಿಕೆಯ ತೋಳನ್ನು ಸರಿಸಿದಳು. ಬಿಸಿಲು ತಾಗದ ಭುಜವೂ ಕೆನ್ನೆಯಷ್ಟೇ ಕಂದಾಗಿತ್ತು. ಕಡ್ಲಿಯ ಉಬ್ಬು ಬೆರಳಿಗೆ ಸಿಕ್ಕಿತು. ಅದು ಆಗಲೂ ಕೆಲಸ ಮಾಡುತ್ತಿತ್ತು.

ಅವಳು ಎಲ್ಲವನ್ನೂ ಹೇಳಿದಳು. ಪುಡಿಯ ಕಥೆ, ಆರನೇ ಬ್ಯಾಚು, ತೂಗದ ಸೀಸೆ, ಆಯುಕ್ತರ ಮಾತು. ಪಲ್ಲವಿ ಅತ್ತಿದ್ದರೆ ಅಥವಾ ಬೈದಿದ್ದರೆ ಮೇಘನಾಳಿಗೆ ಹಗುರವಾಗುತ್ತಿತ್ತೇನೋ. ಅವಳು ಕೈ ಬಿಡಿಸಿಕೊಂಡು ಸೆರಗನ್ನು ತೋಳಿನ ಮೇಲೆ ಹೊದ್ದುಕೊಂಡಳು.

“ನಾಕು ವರ್ಷ ನಾ ದಣಿತೀನಿ, ದಣಿತೀನಿ ಅಂತ ಹೇಳಿದ್ನಿ,” ಎಂದಳು. “ನೀ ಒಂದ ಸಲ ನನ್ನ ಮಾರಿ ನೋಡಲಿಲ್ಲ ಅಕ್ಕಾ. ಹೇಳಿದಾಗೊಮ್ಮೆ ಫೋನ್ ತಗದಿ.”

ಪಲ್ಲವಿ ಅವರೆಕಾಯಿಯ ಬುಟ್ಟಿಯನ್ನು ಅಕ್ಕನ ಕಡೆಗೆ ತಳ್ಳಿದಳು. ಮೇಘನಾ ಕಾಯಿ ಸುಲಿದಳು.

ಒಳಗೆ ಹೋಗಲು ಎದ್ದಾಗ ಪಲ್ಲವಿ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. “ನಿಮ್ಮ ಸಾಹೇಬ್ರು ಆರು ತಿಂಗಳ ಅಂದ್ರಲ್ಲ. ಆರು ತಿಂಗಳ ಇದು ನನ್ನ ತೋಳಿನಾಗ ಇರಬೇಕನು?”

ನಿಯಮದ ಪ್ರಕಾರ ಮಾದರಿ ಸೀರಮಿನ ಅಂಕಿ ಹತ್ತಕ್ಕಿಂತ ಹೆಚ್ಚು ಬದಲಾದರೆ ಎಲ್ಲ ಕೇಂದ್ರಗಳೂ ಮರುಪರೀಕ್ಷೆ ಮಾಡುವವರೆಗೆ ಎಲ್ಲ ಪಂಪುಗಳೂ ನಿಲ್ಲಬೇಕು. ಆ ನಿಯಮವನ್ನು ಬರೆದವಳೂ ಮೇಘನಾ. ಆ ದಿನವೇ ಮಧ್ಯಾಹ್ನ ಮೂರೂವರೆಗೆ ಅವಳು ನಿಯಂತ್ರಣ ಕೊಠಡಿಗೆ ಹೋದಳು. ಕೊಠಡಿಯಲ್ಲಿದ್ದ ಇಬ್ಬರು ಸಹಾಯಕಿಯರನ್ನು ಹೊರಗೆ ಕಳಿಸಿದಳು, ನಾಳೆ ವಿಚಾರಣೆಯಲ್ಲಿ ಅವರ ಹೆಸರು ಬರಬಾರದೆಂದು. ಏಳನೇ ಬ್ಯಾಚಿನ ಪುಟ ತೆರೆದು, ಮುನ್ನೂರ ಐವತ್ತೇಳನ್ನು ಅಳಿಸಿ ಮುನ್ನೂರ ಹನ್ನೆರಡೆಂದು ಬರೆದು ಬೆರಳೊತ್ತಿ ಸಹಿ ಹಾಕಿದಳು. ಕಾರಣದ ಜಾಗದಲ್ಲಿ ಹೀಗೆ ಬರೆದಳು: ಪುಡಿ ದುರ್ಬಲವಾಗಿದ್ದುದನ್ನು ನಾಲ್ಕು ವರ್ಷದ ಹಿಂದೆ ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಗುಳೇದಗುಡ್ಡದ ಕೇಂದ್ರದ ಅಂಕಿ ಸರಿ. ಅದೇ ಒಕ್ಕಣೆಯನ್ನು ಎಲ್ಲ ಕೇಂದ್ರಗಳಿಗೂ, ಎಲ್ಲ ಆಸ್ಪತ್ರೆಗಳಿಗೂ ಕಳಿಸಿದಳು.

ನಕಾಶೆಯ ಮೇಲೆ ಹಸಿರು ಚುಕ್ಕೆಗಳು ಬೀದರಿನ ಕಡೆಯಿಂದ ಕೆಂಪಾಗುತ್ತ ಬಂದವು. ಗುಳೇದಗುಡ್ಡದ್ದೊಂದು ಹಸಿರಾಗಿ, ಉಳಿದವೆಲ್ಲ ಕೆಂಪಾಗಲು ಹನ್ನೊಂದು ನಿಮಿಷ ಹಿಡಿಯಿತು. ಒಂದು ಕೋಟಿ ಹತ್ತು ಲಕ್ಷ ಕಡ್ಲಿಗಳು ನಿಂತವು. ಫೋನುಗಳು ಬಡಿದುಕೊಳ್ಳತೊಡಗಿದವು. ಮೇಘನಾ ಒಂದೊಂದಾಗಿ ಎತ್ತಿ, ಹೌದು ನಿಜ, ಎಂದು ಹೇಳುತ್ತ ಕೂತಳು.

ಆಯುಕ್ತರು ಹೇಳಿದ್ದೂ ನಡೆಯಿತು. ವಾರದೊಳಗೆ ಹೆಂಗಸರು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತು ಕಡ್ಲಿ ತೆಗೆಸಿಕೊಂಡರು. ಕೆಲವೆಡೆ ಮನೆಯಲ್ಲೇ ಬ್ಲೇಡಿನಿಂದ ಕೊಯ್ದು ತೆಗೆದು ಕೀವಾಯಿತು. ಬಸುರಿಯರು ಗುಳಿಗೆಯನ್ನೂ ಒಲ್ಲೆವೆಂದರು. ಆ ವರ್ಷ ಹೆರಿಗೆಯಲ್ಲಿ ಸತ್ತವರ ಸಂಖ್ಯೆ ಮತ್ತೆ ಏರಿತು. ಯಾವ ಸಾವು ಹೇಳಿದ್ದರಿಂದ ಬಂತು, ಯಾವುದು ಹೇಳದೆ ಇದ್ದದ್ದರಿಂದ ಬಂತು ಎಂದು ವಿಚಾರಣಾ ಸಮಿತಿಯೂ ಬಿಡಿಸಿ ಹೇಳಲಾರದೆ ಹೋಯಿತು. ಮೇಘನಾಳನ್ನು ಕೆಲಸದಿಂದ ತೆಗೆದರು. ಅವಳು ವಿಚಾರಣೆಯಲ್ಲಿ ವಕೀಲರನ್ನು ಇಟ್ಟುಕೊಳ್ಳಲಿಲ್ಲ, ಏನು ಕೇಳಿದರೂ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ದಾವಲಸಾಬ ಸಾಕ್ಷಿ ನುಡಿದು ಊರಿಗೆ ಮರಳಿದ. ಅವನ ಕೇಂದ್ರಕ್ಕೆ ಹೊಸ ಯಂತ್ರ ಬಂತು, ಕೈಯಿಂದ ಪರೀಕ್ಷೆ ಮಾಡಕೂಡದೆಂಬ ಸುತ್ತೋಲೆಯೂ ಜೊತೆಗೇ ಬಂತು.

ಮೈಯಲ್ಲಿ ಸೇರಿದ ಕಬ್ಬಿಣಕ್ಕೆ ಒಳ್ಳೆಯ ಚಿಕಿತ್ಸೆಯೆಂದರೆ ರಕ್ತ ತೆಗೆಯುವುದು. ವಾರಕ್ಕೊಂದು ಚೀಲದಂತೆ ತಿಂಗಳುಗಟ್ಟಲೆ ತೆಗೆಯಬೇಕು. ರಕ್ತವಿಲ್ಲವೆಂದು ನಾಲ್ಕು ವರ್ಷ ಹೇಳಿಸಿಕೊಂಡ ಹೆಂಗಸರಿಗೆ ಈಗ ರಕ್ತ ಹೆಚ್ಚಾಗಿದೆ, ಕೊಡಿ ಎಂದು ತಿಳಿಹೇಳುವುದು ಕಷ್ಟವಾಯಿತು. ಪಲ್ಲವಿ ಮಾತ್ರ ಪ್ರತಿ ಮಂಗಳವಾರ ತಪ್ಪದೆ ಹೋಗಿ ತೋಳು ಚಾಚಿದಳು. ಅಕ್ಕನ ಜೊತೆ ಮಾತು ಮೊದಲಿನಷ್ಟಿರಲಿಲ್ಲ, ಆದರೆ ಆಸ್ಪತ್ರೆಗೆ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದಳು. ಇಪ್ಪತ್ತಾರು ಚೀಲ ತೆಗೆದ ಮೇಲೆ ಮೈಬಣ್ಣ ತುಸು ತಿಳಿಯಾಯಿತು. ಹೃದಯಕ್ಕೆ ಹಿಡಿದದ್ದು ಮಾತ್ರ ಬಿಡಲಿಲ್ಲ. ಭಾದ್ರಪದದ ಒಂದು ಮುಂಜಾನೆ, ಶಾಲೆಯ ಮೈದಾನದಲ್ಲಿ ಹುಡುಗಿಯರನ್ನು ಸಾಲು ನಿಲ್ಲಿಸುತ್ತಿದ್ದವಳು ಹಾಗೇ ಕುಸಿದಳು. ಮೇಘನಾ ಹೋಗುವಷ್ಟರಲ್ಲಿ ಹುಡುಗಿಯರು ತಮ್ಮ ದುಪ್ಪಟ್ಟಾಗಳನ್ನು ಅವಳಿಗೆ ಹೊದಿಸಿದ್ದರು.

ತಂಗಿ ತೀರಿಕೊಂಡು ತಿಂಗಳು ಕಳೆದ ಮೇಲೆ ಮೇಘನಾ ರಕ್ತ ತೆಗೆಯುವ ಶಿಬಿರಗಳಿಗೆ ಹೋಗತೊಡಗಿದಳು. ಅವಳಿಗೆ ಅಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಕೈ ಸಾಲದ ಕಡೆ ನಿಂತು ತೋಳಿಗೆ ಪಟ್ಟಿ ಕಟ್ಟುವುದು, ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯುವುದು, ತಲೆ ಸುತ್ತಿದವರಿಗೆ ಶರಬತ್ತು ಕೊಡುವುದು ಅವಳ ಕೆಲಸ. ಯಾರೂ ಹೆಸರು ಕೇಳುತ್ತಿರಲಿಲ್ಲ.

ನವಲಗುಂದದ ಸಮುದಾಯ ಭವನದಲ್ಲೊಂದು ದಿನ ಅರವತ್ತರ ಹತ್ತಿರದ ಹೆಂಗಸೊಬ್ಬಳು ಬಂದು ಮಂಚದ ಮೇಲೆ ಮಲಗಿದಳು. ನೀಲವ್ವ ಎಂದು ಹೆಸರು ಬರೆಸಿದ್ದಳು. ಕೂಲಿ ಕೆಲಸದವಳು, ಕೈ ಒರಟಾಗಿತ್ತು. ಅವಳ ಸೊಸೆಯೂ ಇದೇ ಬೇನೆಯಿಂದ ಯುಗಾದಿಯ ಹಿಂದೆಮುಂದೆ ತೀರಿಕೊಂಡಿದ್ದಳಂತೆ, ಮೊಮ್ಮಕ್ಕಳಿಬ್ಬರು ಮನೆಯಲ್ಲಿದ್ದರಂತೆ. ನರ್ಸು ಸೂಜಿ ಹಾಕಿ ಬೇರೆ ಮಂಚದ ಕಡೆ ಹೋದಳು. ಚೀಲ ತುಂಬುವವರೆಗೆ ಮೇಘನಾ ಪಕ್ಕದಲ್ಲಿ ಕೂತು ಅವಳ ಮೊಣಕೈಯ ಕೆಳಗೆ ಅಂಗೈ ಕೊಟ್ಟಿದ್ದಳು. ನೀಲವ್ವ ಮೇಲಿನ ತಗಡು ನೋಡುತ್ತ ಮಾತಾಡುತ್ತಿದ್ದಳು. ಧಾರವಾಡದಾಗ ಯಾರೋ ಒಬ್ಬಾಕಿ ಡಾಕ್ಟರಬಾಯಿ ತಪ್ಪು ಲೆಕ್ಕ ಬರೆದದ್ದಕ್ಕೆ ಇಷ್ಟೆಲ್ಲ ಆಯಿತಂತೆ, ಆಕೆಯನ್ನು ಜೈಲಿಗೆ ಹಾಕಿದರೋ ಏನೋ, ನಿಮಗೇನಾದರೂ ಗೊತ್ತೇ ಎಂದು ಕೇಳಿದಳು.

“ಆಕಿ ನಾನೇರಿ,” ಎಂದಳು ಮೇಘನಾ.

ನೀಲವ್ವ ತಲೆ ತಿರುಗಿಸಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಸೂಜಿ ತೋಳಿನಲ್ಲಿತ್ತು, ಎದ್ದು ಹೋಗುವಂತಿರಲಿಲ್ಲ. ಚೀಲ ಅರ್ಧ ತುಂಬಿ, ತೂಗುವ ಯಂತ್ರದ ತಟ್ಟೆಯಲ್ಲಿ ಓಲಾಡುತ್ತಿತ್ತು. ಮೇಘನಾ ಅಂಗೈ ತೆಗೆಯಲೋ ಬೇಡವೋ ತಿಳಿಯದೆ ಹಾಗೇ ಇಟ್ಟುಕೊಂಡಿದ್ದಳು. ನೀಲವ್ವ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಚೀಲ ತುಂಬುವ ತನಕ ಈ ಕಡೆ ತಿರುಗಲಿಲ್ಲ. ನರ್ಸು ಬಂದು ಸೂಜಿ ತೆಗೆದಾಗ ಮೇಘನಾ ಹತ್ತಿ ಹಿಡಿಯಲು ಕೈ ಚಾಚಿದಳು.

“ನಾ ಹಿಡ್ಕೋತೀನಿ,” ಎಂದು ನೀಲವ್ವ ಹತ್ತಿಯನ್ನು ತಾನೇ ಒತ್ತಿಕೊಂಡು ಎದ್ದು ಕೂತಳು. ತಲೆ ಸುತ್ತಿರಬೇಕು, ಕ್ಷಣ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ಶರಬತ್ತಿಗೆ ಕಾಯದೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಿಸಿಲಿಗೆ ನಡೆದುಹೋದಳು.

ಮೇಘನಾ ಮಂಚದ ಹಾಸನ್ನು ಬದಲಿಸಿದಳು. ಪಟ್ಟಿಯಲ್ಲಿ ನೋಡಿ ಮುಂದಿನವರ ಹೆಸರು ಕರೆದಳು.